ತಟ್ಟೆಯಕ್ಕ ಓದಿದ ಕಾಗದ

ಆಸ್ಪತ್ರೆಯ ಅಡುಗೆಮನೆಯಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದದ್ದು ತಟ್ಟೆಯಕ್ಕ ಎಂದೇ. ಹತ್ತೊಂಬತ್ತು ವರ್ಷ ರೋಗಿಗಳಿಗೆ ಊಟದ ತಟ್ಟೆ ಹಂಚಿದವಳು. ಅವಳಿಗೆ ಓದು ಬಾರದೆಂದು ಅಲ್ಲಿ ಒಂದು ನರಪಿಳ್ಳೆಗೂ ಗೊತ್ತಿರಲಿಲ್ಲ. ತಟ್ಟೆಯ ಚೀಟಿಯಲ್ಲಿ ಸಾಲು ಗಿಡ್ಡವಿದ್ದರೆ ಉಪ್ಪಿಲ್ಲದ ಊಟ, ಉದ್ದವಿದ್ದರೆ ಸಕ್ಕರೆಯಿಲ್ಲದ್ದು. ಓದು ಬಲ್ಲವರೇ ಅವಸರದಲ್ಲಿ ಎಡವಿದ್ದುಂಟು. ಇವಳು ಒಮ್ಮೆಯೂ ಎಡವಲಿಲ್ಲ, ಏಕೆಂದರೆ ಪ್ರತಿ ಚೀಟಿಯನ್ನೂ ಮೂರು ಸಲ ನೋಡುತ್ತಿದ್ದಳು. ಹೆದರಿಕೆ ಅಷ್ಟಿತ್ತು.

ಹಾಸಿಗೆ ಹಿಡಿದ ಗಂಡನಿಗೆ ಅವಳ ಕೆಲಸದ ದೆಸೆಯಿಂದ ಅಲ್ಲಿ ಔಷಧಿ ಪುಕ್ಕಟೆ. ಚೀಟಿಗಳ ಬರಹವನ್ನೆಲ್ಲ ಬದಲಾಯಿಸುತ್ತಾರೆಂಬ ಸುದ್ದಿ ಬಂದದ್ದೇ ತಡ, ಐವತ್ತೆರಡರ ಹೆಂಗಸು ಚೀಲದಲ್ಲಿ ಸ್ಲೇಟು ಬಚ್ಚಿಟ್ಟುಕೊಂಡು ಸಂಜೆಶಾಲೆಗೆ ಹೋದಳು.

ಅಲ್ಲಿನ ಟೀಚರು ಒಳ್ಳೆಯ ಹುಡುಗಿ. ಒಳ್ಳೆಯವರಿಂದ ದೇವರೇ ಕಾಪಾಡಬೇಕು! ಎಂಟು ತಿಂಗಳಿಗೆ ತಟ್ಟೆಯಕ್ಕ ಒಂದು ಪುಟ ಓದಿದಾಗ ಟೀಚರು ಫೋನಿನಲ್ಲಿ ವಿಡಿಯೋ ಮಾಡಿದಳು.

“ಮೊದ್ಲು ಕೆಲ್ಸ ಹೇಗೆ ಮಾಡ್ತಿದ್ರಿ ಅಕ್ಕಾ?”

“ಚೀಟಿ ಆಕಾರ ನೋಡ್ಕೊಂಡು. ಆಸ್ಪತ್ರೇಲಿ ಇವತ್ತಿಗೂ ಯಾರ್ಗೂ ಗೊತ್ತಿಲ್ಲ!” ಎಂದು ಖುಷಿಯಲ್ಲಿ ಬಾಯಿ ಬಿಟ್ಟಳು.

ಟೀಚರು ಜಾಲತಾಣಕ್ಕೆ ಹಾಕಿದ ವಿಡಿಯೋಗೆ ಎರಡು ದಿನ ಮೆಚ್ಚುಗೆಯ ಸುರಿಮಳೆ. ಕಲಿಕೆಗೆ ವಯಸ್ಸಿಲ್ಲ, ಸಮಾಜ ಬದಲಾಗುತ್ತಿದೆ ಎಂದೆಲ್ಲ ಬರೆದರು. ಮೂರನೆಯ ದಿನ ಯಾರೋ ಕೇಳಿದರು: “ಓದೋಕೆ ಬರದೋಳ ಕೈಲಿ ನಮ್ಮಪ್ಪನ ಊಟನಾ?” ಎತ್ತು ಈಯಿತು ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಎನ್ನುವ ಜನ. ಸಂಜೆಯೊಳಗೆ, ಎಂದೋ ಸತ್ತವರ ಸಾವೆಲ್ಲ ಅವಳ ತಲೆಗೇ ಬಂತು. ಮೊನ್ನೆ ಮೆಚ್ಚಿದವರೂ ದನಿಗೂಡಿಸಿದರು.

ಮೇಲ್ವಿಚಾರಕ ಕರೆಸಿದ.

“ಒಂದ್ಸಲನಾದ್ರೂ ತಪ್ಪು ಮಾಡಿದೀನಾ ಸಾರ್?”

“ಇಲ್ಲ. ಅದಕ್ಕೇ ಇಷ್ಟು ವರ್ಷ ಸಿಕ್ಕಿಬೀಳ್ಲಿಲ್ಲ ನೀನು.”

“ಈಗ ಓದ್ತೀನಲ್ಲ ಸಾರ್...”

“ಹಾಗಾದ್ರೆ ಇದನ್ನ ಓದ್ಕೋ,” ಎಂದು ಒಂದು ಕಾಗದ ಕೊಟ್ಟು ಬಾಗಿಲು ತೋರಿಸಿದ.

ಆಸ್ಪತ್ರೆಯ ಮೆಟ್ಟಿಲ ಮೇಲೆ ಅದನ್ನು ಬಿಡಿಸುವ ಧೈರ್ಯ ಅವಳಿಗಾಗಲಿಲ್ಲ. ನೇರ ಸಂಜೆಶಾಲೆಗೆ ಬಂದು ಎಂದಿನ ಬೆಂಚಿನಲ್ಲಿ ಕೂತಳು.

“ಏನಕ್ಕಾ ಅದು? ಜೋರಾಗಿ ಓದಿ, ನೋಡೋಣ,” ಎಂದಳು ಟೀಚರು, ಅದರಲ್ಲೇನಿದೆಯೆಂದು ತಿಳಿಯದೆ.

ತಟ್ಟೆಯಕ್ಕ ಎದ್ದು ನಿಂತು ಓದಿದಳು. ಅನಕ್ಷರತೆಯನ್ನು ಮರೆಮಾಚಿದ ಕಾರಣ ಇಂದಿನಿಂದಲೇ ಕೆಲಸದಿಂದ ತೆಗೆಯಲಾಗಿದೆ. ಪತಿಗೆ ನೀಡುತ್ತಿದ್ದ ಔಷಧಿಯನ್ನೂ ಇಂದಿನಿಂದಲೇ ನಿಲ್ಲಿಸಲಾಗಿದೆ. ಮೊದಲ ಬಾರಿಗೆ ಸಾಲಿನ ಕೆಳಗೆ ಬೆರಳಿಡದೆ, ಎಲ್ಲೂ ತಡವರಿಸದೆ ಓದಿದ್ದಳು. ಕ್ಲಾಸಿನ ಹೆಂಗಸರು ತಲೆ ತಗ್ಗಿಸಿದರು.

ಟೀಚರಿಗೆ ಪಾಪ, ದಿನಾ ಹೇಳುವ ಮಾತೇ ಬಾಯಿಗೆ ಬಂತು: “ಒಂದೂ ತಪ್ಪಿಲ್ದೆ ಓದಿದ್ರಿ ಅಕ್ಕಾ.”

ತಟ್ಟೆಯಕ್ಕ ಚೀಲದಿಂದ ಸ್ಲೇಟು ತೆಗೆದು ಮೇಜಿನ ಮೇಲಿಟ್ಟಳು.

“ತಟ್ಟೆನೂ ಒಂದೂ ತಪ್ಪಿಲ್ದೆ ಕೊಟ್ಟಿದ್ದೆ ಮೇಡಂ.”