ಒಂದೇ ಬಾಗಿಲು ಮಾಡಿದ ಅನಿಲ್ ಕುಮಾರ್

ಅನಿಲ್ ಕುಮಾರನನ್ನು ಸುಂದರಮ್ಮ ಮೊದಲು ಕಂಡದ್ದು ಆಫೀಸಿನ ಅಡುಗೆ ಕೋಣೆಯಲ್ಲಿ. ಶಂಕರಪುರದ ಆ ಔಷಧಿ ಕಂಪನಿಗೆ ಅವನು ಹೊಸಬ. ಅವಳು ಅಲ್ಲೇ ಕಾಫಿ ಕಾಸುತ್ತ ತಲೆ ನರೆಸಿಕೊಂಡವಳು. ಲೋಟ ಹಿಡಿದು ಒಲೆಯ ಪಕ್ಕ ನಿಂತವನು, "ಅಮ್ಮಾ, ರಜೆ ಬೇಕಾದ್ರೆ ಕಂಪ್ಯೂಟರ್‌ನಲ್ಲಿ ಹೇಗೆ ಕೇಳ್ತೀರಾ?" ಎಂದ.

"ರಜೆಗೊಂದು ಪಾಸ್‌ವರ್ಡು, ಹಾಜರಿಗೊಂದು, ಸಂಬಳದ ಚೀಟಿಗೆ ಮತ್ತೊಂದು. ನನ್ನ ಗಂಡನ ಹೆಸರೇ ನಾನು ಇಷ್ಟು ಸಲ ಹೇಳಿಲ್ಲಪ್ಪಾ!"

ಅವನು ಕಾಫಿ ಚೆಲ್ಲುವಷ್ಟು ನಕ್ಕ. ಅದನ್ನು ಸರಿಮಾಡಲೆಂದೇ ಅವನನ್ನು ಕರೆಸಿದ್ದರಂತೆ. ಒಂದು ಸಲ ಒಳಗೆ ಬಂದರೆ ಸಾಕು, ಎಲ್ಲ ಪುಟಗಳೂ ತೆರೆಯಬೇಕು. ಬಂದವರ ಗುರುತು ಹಿಡಿದು, ಅವರ ಭಾಷೆಯಲ್ಲಿ, ಅವರದ್ದನ್ನು ಮಾತ್ರ ತೋರಿಸಬೇಕು.

ಚಾಮರಾಜಪೇಟೆಯ ವಠಾರದಲ್ಲಿ ಬೆಳೆದ ಹುಡುಗ. ಸಾಹೇಬರಿಗೆ ಎಷ್ಟು ಬಿಡಿಸಿ ಹೇಳುತ್ತಿದ್ದನೋ ಗುಡಿಸುವವರಿಗೂ ಅಷ್ಟೇ ಬಿಡಿಸಿ ಹೇಳುವನು. ಸುಂದರಮ್ಮ ಅಕ್ಷರ ಕೂಡಿಸಿ ಓದುವವಳೆಂದು ಅವಳ ಪುಟದಲ್ಲಿ ಬಸ್ಸಿನ ಬೋರ್ಡಿನಷ್ಟು ದಪ್ಪ ಕನ್ನಡ ಇಟ್ಟಿದ್ದ.

ಉದ್ಘಾಟನೆಯ ದಿನ ಎಲ್ಲರನ್ನೂ ದೊಡ್ಡ ಹಾಲಿನಲ್ಲಿ ಸೇರಿಸಿದರು. "ಮೊದಲು ನೀವೇ ತೋರಿಸ್ತೀರೇನಮ್ಮಾ?" ಎಂದು ಅನಿಲ್ ಕೇಳಿದ. ಸುಂದರಮ್ಮ ಸೆರಗಿಗೆ ಕೈ ಒರೆಸಿಕೊಂಡು, ಫೋನಿಗೆ ಬಂದ ನಂಬರನ್ನು ಒಂದೊಂದಾಗಿ ಒತ್ತಿದಳು. ಗೋಡೆಯ ಪರದೆ ಬೆಳಗಿತು.

"ನಮ... ಸ್ಕಾರ... ಸುಂದ... ರಮ್ಮ."

ಚಪ್ಪಾಳೆ ಬಿತ್ತು. ಆ ಹುರುಪಿನಲ್ಲಿ ಕೆಳಗಿನ ಸಾಲಿಗೂ ಬಾಯಿ ಹಾಕಿದಳು. "ನಿಮ್ಮ... ಗರ್ಭಿ... ಣಿ ವಿಶ್ರಾಂತಿ ರಜೆ... ಮಂಜೂ... ರಾಗಿದೆ."

ಸೇರಿದವರೆಲ್ಲ ಗೊಳ್ಳೆಂದು ನಕ್ಕರು. "ಏನಜ್ಜೀ, ಸಿಹಿ ಎಲ್ಲಿ?" ಎಂದು ಲೆಕ್ಕಪತ್ರದ ಸತೀಶ್ ಕೂಗಿದ. ಆಮೇಲೆ ಕಣ್ಣು ಕಿರಿದು ಮಾಡಿ ಅವನೇ ಮುಂದಿನದನ್ನು ಓದಿದ: "ಅರ್ಜಿ ಕೊಟ್ಟವರು, ಭಾಗ್ಯ."

ಸುಂದರಮ್ಮ ತಟ್ಟನೆ ಹಿಂದೆ ತಿರುಗಿದಳು. ನೆಲ ಒರೆಸುವ ಭಾಗ್ಯ ಹಿಂದಿನ ಬಾಗಿಲಲ್ಲೇ ನಿಂತಿದ್ದಳು. ಎರಡು ಸಲ ಬಸಿರು ನಿಲ್ಲದೆ ಅತ್ತವಳು. ಈ ಸಲ ಮೂರು ತಿಂಗಳು ತುಂಬುವ ತನಕ ಯಾರ ಬಾಯಿಗೂ ಬೀಳಬಾರದೆಂದು ಹೆತ್ತ ತಾಯಿಗೂ ಹೇಳಿರಲಿಲ್ಲ. ಎಲ್ಲರೂ ತಿರುಗಿ ನೋಡಿದರು. ಅವಳು ಸೆರಗನ್ನು ಹೊಟ್ಟೆಯ ಮೇಲೆ ಎಳೆದುಕೊಂಡು ಹೊರಟೇಹೋದಳು.

ಅನಿಲ್ ಪರದೆ ಆರಿಸಿದ. ಸುಂದರಮ್ಮನ ಹಿಂದೆಯೇ ಅಡುಗೆ ಕೋಣೆಗೆ ಬಂದ. "ಅವರದ್ದು ನಿಮ್ಮ ಪುಟಕ್ಕೆ ಹೇಗೆ ಬಂತಮ್ಮಾ?"

"ನಾವು ಗುಡಿಸೋ ಒರೆಸೋರೆಲ್ಲ ನನ್ನ ಫೋನ್ ನಂಬರೇ ಕೊಟ್ಟಿರೋದಪ್ಪಾ. ಅವ್ರ ಫೋನು ಗಂಡನ ಹತ್ರನೋ ಮಕ್ಕಳ ಹತ್ರನೋ ಇರತ್ತೆ. ಒಟಿಪಿ ಬಂದ್ರೆ ನಾನು ಕೂಗಿ ಹೇಳ್ತೀನಿ. ಮೊದ್ಲಿಂದ ಹಂಗೇ."

ಅವನು ಖಾತೆಗಳ ಪಟ್ಟಿ ತೆರೆದು ನೋಡಿದ. "ನಂಬರ್ ಒಂದೇ ಇದ್ರೆ ಆಳೂ ಒಬ್ರೇ ಅಂದ್ಕೊಂಡು ಖಾತೆಗಳನ್ನೆಲ್ಲ ಸೇರಿಸ್ಬಿಟ್ಟೆ. ನಿಮ್ಮನ್ನ ಒಂದು ಮಾತು ಕೇಳ್ಳಿಲ್ಲ."

ಅಂದೇ ಕೂತು ಎಲ್ಲರ ಖಾತೆಗಳನ್ನೂ ಬೇರೆ ಬೇರೆ ಮಾಡಿದ. ಆದರೆ ರಜೆಗೆ ಇನ್ನೂ ದಿನವಿದ್ದರೂ ಭಾಗ್ಯ ಕೆಲಸಕ್ಕೆ ಬರಲಿಲ್ಲ. ಸುಂದರಮ್ಮ ಅವಳ ಮನೆಗೆ ಹೋಗಿ ನೋಡಿದಳು. ಡಾಕ್ಟರು ಮಗು ಚೆನ್ನಾಗಿದೆ ಎಂದಿದ್ದರೂ ಭಾಗ್ಯ ಗೋಡೆಗೆ ಮುಖ ಮಾಡಿ ಮಲಗಿದ್ದಳು. "ಅಷ್ಟು ಜನದ ಕಣ್ಣು ಬಿತ್ತಲ್ಲಕ್ಕಾ. ಈ ಸಲಾನೂ ಹೋದ್ರೆ?" ಎಂದಳು. ಅದನ್ನು ಸುಂದರಮ್ಮ ಕೂಡಿಸದೆ ಕಳೆಯದೆ ಅನಿಲ್‌ಗೆ ಹೇಳಿದಳು.

ಆ ವಾರವೇ ಕಂಪನಿ ಅವನನ್ನು ಕೆಲಸದಿಂದ ಬಿಡಿಸಿತು. ಚೀಲ ಹೆಗಲಿಗೇರಿಸಿ ಅಡುಗೆ ಕೋಣೆಯ ಬಾಗಿಲಿಗೆ ಬಂದವನು, ಅವಳು ಚಾಚಿದ ಕಾಫಿಯನ್ನೂ ಮುಟ್ಟದೆ ಸಣ್ಣ ದನಿಯಲ್ಲಿ ಕೇಳಿದ:

"ಅಮ್ಮಾ, ಭಾಗ್ಯ ಅವ್ರಿಗೆ ದೃಷ್ಟಿ ತೆಗೀಬೇಕು ಅಂದ್ರೆ ನಾನು ಏನೇನು ತಂದ್ಕೊಡ್ಬೇಕು?"