ಕಣ್ಣು ನೋಡುವ ತಾತ

ತಮ್ಮ ಗಿಡ್ಡ ತಳಿಯ ಗಂಡುಕುದುರೆಯನ್ನು ಮರಿ ಹುಟ್ಟಿಸಲು ಬಿಡಬಹುದೇ ಎಂದು ಕೇಳಿಕೊಂಡು ಬಂದವರು ನಮ್ಮ ಲಾಯದ ತಾತನನ್ನು ಶಪಿಸುತ್ತಲೇ ಹಿಂದಿರುಗುತ್ತಾರೆ. ಅವನು ಹಲ್ಲು, ಗೊರಸು, ನಡಿಗೆಗೆಲ್ಲ ತಲೆದೂಗಿ, ಕೊನೆಗೆ ಕಣ್ಣಿಗೆ ಮೇಣದಬತ್ತಿ ಹಿಡಿದು, ಅದರ ಅಪ್ಪ ಅಜ್ಜಂದಿರ ಕಣ್ಣು ಹೇಗಿತ್ತೆಂದು ಹೆಣ್ಣು ಕೊಡುವವರ ಹಾಗೆ ಕೆದಕುತ್ತಾನೆ. ವಂಶದಲ್ಲಿ ಒಂದು ಕುರುಡು ಸಿಕ್ಕರೂ ಮುಗಿಯಿತು: "ಬೀಜ ಒಡೆಸ್ಬಿಡಿ, ಗಾಡಿ ಎಳ್ಕೊಂಡಿರ್ಲಿ." ಮೊನ್ನೆ, ತಾನೇ ಬಾಟಲಿ ಹಾಲು ಕುಡಿಸಿ ಬೆಳೆಸಿದ, ಕಣ್ಣು ಫಳಫಳಿಸುವ ಕುದುರೆಗೂ ಅದೇ ತೀರ್ಪು ಕೊಟ್ಟ. "ಇದರ ಕಣ್ಣು ಚೆನ್ನಾಗೇ ಇದೆಯಲ್ಲ ತಾತ," ಎಂದೆ. "ಇದರ ಅಪ್ಪಂಗೆ ಕಣ್ಣು ಹೋಗಿತ್ತು. ನಮ್ಮಪ್ಪಂಗೂ ನಲವತ್ತಕ್ಕೇ ಹೋಯ್ತು. ಅದಕ್ಕೇ ನಾನು ಮದುವೇನೇ ಆಗ್ಲಿಲ್ಲ," ಎಂದು ಎಪ್ಪತ್ತು ದಾಟಿದ ಆ ಮುದುಕ, ಕನ್ನಡಕವಿಲ್ಲದೆ ಒಂದೇ ಸಲಕ್ಕೆ ಸೂಜಿಗೆ ದಾರ ಪೋಣಿಸಿ ಲಗಾಮು ಹೊಲಿಯತೊಡಗಿದ.