ಕುರ್ಚಿಗೆ ಒತ್ತಿ ಕೂರಿಸುವ ವಿಧಾನ

ಗಲ್ಫಿನಲ್ಲಿ, ಶುವೈಖ್‌ನ ಗೋದಾಮೊಂದರಲ್ಲಿ ಡ್ರೈವರ್‌ಗಳು ಗೀಚಿ ಕೊಡುವ ಡೆಲಿವರಿ ಚೀಟಿಗಳನ್ನು ಓದಿ ಕಂಪ್ಯೂಟರಿಗೆ ಏರಿಸುವುದು ನನ್ನ ಕೆಲಸ. ಇಪ್ಪತ್ತು ವರ್ಷ ಅದನ್ನೇ ಮಾಡಿದವನಿಗೆ ನಾನೂರು ವರ್ಷ ಹಳೆಯ ಇಂಗ್ಲಿಷ್ ಕೈಬರಹ ಯಾವ ಲೆಕ್ಕ? ಪರದೇಶದ ಒಂದು ಗ್ರಂಥಾಲಯ ತನ್ನ ಹಸ್ತಪ್ರತಿಗಳ ಫೋಟೋಗಳನ್ನು ಇಂಟರ್ನೆಟ್ಟಿಗೆ ಹಾಕಿ, ಓದಬಲ್ಲವರು ಟೈಪ್ ಮಾಡಿಕೊಡಿ ಎಂದು ಕೇಳಿತ್ತು. ಊಟದ ಬಿಡುವಿನಲ್ಲಿ ಕೂತು ರಾಜನ ಅಪ್ಪಣೆ, ಪಾರ್ಲಿಮೆಂಟಿನ ಜಗಳ, ಎಲ್ಲವನ್ನೂ ಬಿಡಿಸುತ್ತಿದ್ದೆ.

ಅಬು ಹಲೀಫಾದಲ್ಲಿ ನಮ್ಮ ಕರಾವಳಿಯವರದ್ದೊಂದು ಸಣ್ಣ ಸಂಘವಿದೆ. ಅದಕ್ಕೆ ನಾನು ಅಧ್ಯಕ್ಷನಾಗಿದ್ದೆ. ಒಂದು ವರ್ಷಕ್ಕೆಂದು ಆರಿಸಿದ್ದರು, ಆರು ವರ್ಷ ಕೂತಿದ್ದೆ. ಚುನಾವಣೆ ಎಂದರೆ ನನ್ನ ಬಳಿ ನೆಪಗಳಿಗೆ ಬರವಿರಲಿಲ್ಲ: ಸೆಕೆ, ರಂಜಾನ್, ಅರ್ಧ ಜನ ಊರಿಗೆ ಹೋಗಿದ್ದಾರೆ. ಕುಣಿಯಲಾರದವಳಿಗೆ ನೆಲ ಡೊಂಕು. ನಿಜ ಹೇಳುತ್ತೇನೆ, ಗೋದಾಮಿನಲ್ಲಿ ನಾನು 'ಭಾಯಿ, ಜಲ್ದಿ'. ರಜೆಯ ದಿನ ಶುಕ್ರವಾರ, ಸಂಘದಲ್ಲಿ ಮಾತ್ರ 'ಅಧ್ಯಕ್ಷರೇ'. ಅದನ್ನು ಬಿಟ್ಟುಕೊಡಲು ಮನಸ್ಸು ಬರುತ್ತಿರಲಿಲ್ಲ.

ಆ ಚಳಿಗಾಲದಲ್ಲಿ ಪಾರ್ಲಿಮೆಂಟಿನ ಸದಸ್ಯನೊಬ್ಬನ ದಿನಚರಿಯ ಪುಟ ಸಿಕ್ಕಿತು. ಸಭೆ ನಿಲ್ಲಿಸಿ ಎಂದು ರಾಜನ ಅಪ್ಪಣೆ ಬಂದಿದೆ. ಸ್ಪೀಕರ್ ಎದ್ದರೆ ಸಭೆ ಮುಗಿದಂತೆ. ಹಾಗಾಗಿ ಇಬ್ಬರು ಅವನ ರಟ್ಟೆ ಹಿಡಿದು ಕುರ್ಚಿಗೆ ಒತ್ತಿ ಕೂರಿಸಿ, ಬಾಗಿಲಿಗೆ ಬೀಗ ಜಡಿದು, ತಮಗೆ ಬೇಕಾದ ಠರಾವುಗಳನ್ನು ಪಾಸು ಮಾಡಿಕೊಂಡರು. ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ. ನಕ್ಕು ಸುಮ್ಮನಿರಬಾರದೇ? ಸಂಘದ ಊಟದ ದಿನ, ಖೈತಾನಿನ ಹೋಟೆಲಿನಲ್ಲಿ ಅಡುಗೆ ಮಾಡುವ ನಮ್ಮ ಕಾರ್ಯದರ್ಶಿಯನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಅಭಿನಯ ಮಾಡಿ ತೋರಿಸಿದೆ.

"ಎಷ್ಟು ಒತ್ಬೇಕು?" ಎಂದು ಕೇಳಿದ ಅವನು.

"ಹೆಗಲ ಮೇಲೆ ಭಾರ ಬಿಡ್ಬೇಕು ಮಾರಾಯ. ಮತ್ತೆ ಏಳ್ಲಿಕ್ಕೆ ಆಗುದಿಲ್ಲ" ಎಂದೆ, ದೊಡ್ಡ ಪಂಡಿತನ ಹಾಗೆ.

ಮುಂದಿನ ತಿಂಗಳು ಒಬ್ಬರ ಫ್ಲ್ಯಾಟಿನಲ್ಲಿ ಸಭೆ ಸೇರಿದಾಗ ಚುನಾವಣೆಯ ಮಾತು ಬಂತು. "ಇವತ್ತಿಗೆ ಟೈಮ್ ಆಯ್ತು, ಖಲಾಸ್" ಎಂದು ಎದ್ದೆ. ಪೂರ್ತಿ ಎದ್ದಿರಲೂ ಇಲ್ಲ. ಕಾರ್ಯದರ್ಶಿ ಒಂದು ಕಡೆಯಿಂದ, ಅವನ ತಮ್ಮ ಇನ್ನೊಂದು ಕಡೆಯಿಂದ ಬಂದು ಹೆಗಲ ಮೇಲೆ ಭಾರ ಬಿಟ್ಟರು. ದಿನಾ ಬಿರಿಯಾನಿ ಹಂಡೆ ಎತ್ತುವ ಕೈಗಳು. ಯಾರೋ ಬಾಗಿಲ ಚಿಲಕ ಹಾಕಿದರು.

"ಎಂತ ಮಾಡುದು ನೀವು?"

"ನೀವೇ ಕಲಿಸಿದ್ದಲ್ವಾ ಅಧ್ಯಕ್ಷರೇ? ಸರಿ ಉಂಟಾ ನೋಡಿ" ಎಂದ ಕಾರ್ಯದರ್ಶಿ, ಬಹಳ ಮರ್ಯಾದೆಯಿಂದ.

ಸರಿಯಾಗಿಯೇ ಇತ್ತು, ದೂರುವಂತಿರಲಿಲ್ಲ. ಹೊಸ ಅಧ್ಯಕ್ಷರು ಬೇಕೆನ್ನುವವರು ಕೈ ಎತ್ತಿ ಎಂದರು. ಎಣಿಸುವ ಅಗತ್ಯವೇ ಬೀಳಲಿಲ್ಲ. ಅಂದು ಊಟದ ತಯಾರಿಗೆಂದು ಜೊತೆಗೆ ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ನನ್ನ ಹೆಂಡತಿ, ಬಲಗೈಯಲ್ಲಿ ಸೌಟು ಇದ್ದುದರಿಂದ ಎಡಗೈ ಎತ್ತಿದ್ದಳು.

ವಾಪಸು ಬರುವಾಗ ಕಾರಿನಲ್ಲಿ ನನ್ನ ಸಿಟ್ಟು ನೆತ್ತಿಗೇರಿತ್ತು.

"ನೀನೂ ಕೈ ಎತ್ತಿದೆಯಲ್ಲ?"

"ಎತ್ತಿದ್ದು ಮಾತ್ರವಾ? ಅವರಿಬ್ಬರಿಗೆ ಹೇಳಿಕೊಟ್ಟದ್ದೇ ನಾನು" ಎಂದಳು. "ಆರು ವರ್ಷ ಆಯ್ತು. ಸಂಘದ ಕೆಲಸ ಅಂತ ನೀವು ಶುಕ್ರವಾರ ಬೆಳಿಗ್ಗೆಯೇ ಹೋಗುದು, ನಾನು ಮಧ್ಯಾಹ್ನ ಒಬ್ಬಳೇ ಗೋಡೆ ನೋಡಿಕೊಂಡು ಉಣ್ಣುದು."

ಸಿಟ್ಟು ಎಲ್ಲಿ ಹೋಯಿತೋ, ನಾಚಿಕೆಯಾಯಿತು. ಒಬ್ಬಳೇ ಎಂತ ಉಣ್ಣುತ್ತಿದ್ದೆ ನೀನು ಎಂದು ಕೇಳಿದೆ.

"ಗುರುವಾರದ ಸಾರು" ಎಂದಳು.